ಕಡಗೋಲ ಹಗ್ಗದ ಎರಡು ತುದಿ

ಕಲಬುರಗಿ
ಗುರುವಾರ, ದೀಪ ಹಚ್ಚುವ ಮುಂಚೆ

ಕಮಲಾಪುರದ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿರುವ ನನ್ನ ತಮ್ಮ ದೌಲಪ್ಪನಿಗೆ, ಅಕ್ಕ ಶಂಕ್ರಮ್ಮ ತಲೆ ಮೇಲೆ ಕೈಯಿಟ್ಟು ಮಾಡುವ ಆಶೀರ್ವಾದ.

ಮೊದಲು ಒಂದು ಮಾತು. ಈ ಕಾಗದ ತಂದ ಇನಾಯತ್ ನಿಮ್ಮ ಬಾಗಿಲಲ್ಲಿ ನಿಂತು ಮಾಡಿದ ಹಟಕ್ಕೆ ಅವನನ್ನು ಬೈಯಬೇಡ. ಹೇಳಿಕೊಟ್ಟವಳು ನಾನು. ಯಾಕೆ ಅನ್ನುವುದನ್ನು ಕೊನೆಯಲ್ಲಿ ಬರೆಯುತ್ತೇನೆ. ನಿನಗೆ ಸಣ್ಣಂದಿನಿಂದ ಊಟದಲ್ಲಿ ಸಿಹಿಯನ್ನೇ ಮೊದಲು ಎತ್ತಿಕೊಳ್ಳುವ ಚಾಳಿ. ಈ ಸಲ ಹಾಗೆ ಮಾಡದೆ ಮೇಲಿನಿಂದ ಕೆಳಗೆ ಓದು.

ನಿನ್ನೆ ಬಾಳೆಗೊನೆಯ ಗಾಡಿ ಹೊಡೆದುಕೊಂಡು ಬಂದ ಇನಾಯತ್ ಸುದ್ದಿ ತಂದ. ಬರುವ ಆದಿತ್ಯವಾರ ಮಹಾಗಾಂವದಿಂದ ಬರೆ ಹಾಕುವ ಮುತ್ಯಾನನ್ನು ಕರೆಸುತ್ತಾರಂತೆ. ಕಬ್ಬಿಣದ ಸಲಾಕಿಯನ್ನು ಕೆಂಪಗೆ ಕಾಯಿಸಿ ನಿನ್ನ ಬಲ ಹೆಗಲಿನ ಮೇಲೆ ಮೂರು ಕಡೆ ಇಡುತ್ತಾರಂತೆ. ಹಾಗೆ ಮಾಡಿದರೆ ಸತ್ತ ಕೈ ಎಚ್ಚರಾಗುತ್ತದೆ ಅಂತ ಯಾರೋ ಹೇಳಿದ್ದಾರೆ, ಅಪ್ಪ ಒಪ್ಪಿದ್ದಾನೆ. ಅದೆಲ್ಲ ಇರಲಿ. ನೀನೂ ಹೂಂ ಅಂದಿದ್ದೀ ಅಂತ ಕೇಳಿದ ಮೇಲೆ ನನಗೆ ರೊಟ್ಟಿ ಬಡಿಯಲು ಕೈ ಬರಲಿಲ್ಲ. ಹಿಟ್ಟು ಹಾಗೇ ಒಣಗಿತು.

ಡಾಕ್ಟರ್ ಜಹೀರುದ್ದೀನ್ ಸಾಹೇಬರಿಗೆ ಈ ಸುದ್ದಿಯನ್ನು ದವಾಖಾನೆಯಲ್ಲಿ ಕಂಪೌಂಡರ್ ಕೆಲಸದಲ್ಲಿರುವ ನಮ್ಮ ಮನೆಯವರು ಹೇಳಿದರು. ಸಾಹೇಬರು ಕುರ್ಚಿ ಬಿಟ್ಟು ಎದ್ದರಂತೆ. ಸುಟ್ಟ ಚರ್ಮ ಮಾಯುವಾಗ ಸೆಳೆದುಕೊಳ್ಳುತ್ತದೆ ಅಂದರಂತೆ. ಹೆಗಲಿನ ಮೇಲೆ ಹಾಗೆ ಸೆಳೆದರೆ ರಟ್ಟೆ ಪಕ್ಕೆಗೆ ಹೊಲಿದಂತೆ ನಿಂತುಬಿಡುತ್ತದೆ. ಆಮೇಲೆ ಒಳಗಿನ ಮಾಂಸಖಂಡ ಬದುಕಿದ್ದರೂ ಅದಕ್ಕೆ ಏಳಲು ಜಾಗ ಇರುವುದಿಲ್ಲ. ಅವರೇ ಬಂದು ಅಪ್ಪನಿಗೆ ಹೇಳಬಹುದಿತ್ತು, ಆದರೆ ಊರು ಬಿಡಲು ಅವರಿಗೆ ಮೇಲಿನವರ ಹುಕುಮು ಬೇಕು. ನನ್ನ ಕೂಸಿಗೆ ಎರಡು ದಿನದಿಂದ ಮೈ ಸುಡುತ್ತಿದೆ, ನಾನು ಗಾಡಿ ಹತ್ತುವ ಹಾಗಿಲ್ಲ. ಉಳಿದದ್ದು ಈ ಕಾಗದ.

ದಸರೆಯ ಮರುದಿನ ನಡೆದದ್ದು ನಿನಗೆ ಅರ್ಧವೇ ಗೊತ್ತು. ಕೋಟೆ ಪಕ್ಕದ ಬಯಲಲ್ಲಿ ಇನಾಯತ್ ಜೋಡಿ ನಿನ್ನ ಕುಸ್ತಿ. ಅವನು ನಿನ್ನ ಬಲಗೈ ಹಿಡಿದು ಹೆಗಲ ಮೇಲಿಂದ ಎತ್ತಿ ಒಗೆದ. ಡಾವು ಶುದ್ಧವಾಗಿತ್ತು ಅಂತ ಪಂಚರೇ ಹೇಳಿದ್ದಾರೆ. ನೀನು ಆ ಗಳಿಗೆಯಲ್ಲಿ ಅವನ ರಟ್ಟೆ ಬಿಟ್ಟಿದ್ದರೆ ಬೆನ್ನ ಮೇಲೆ ಬಿದ್ದು, ಮಣ್ಣು ಝಾಡಿಸಿಕೊಂಡು, ನಮ್ಮ ಮನೆಗೆ ಹೋಳಿಗೆ ತಿನ್ನಲು ಬರುತ್ತಿದ್ದೆ. ಆದರೆ ಅಪ್ಪ ತಾಲೀಮಿನಲ್ಲಿ ನಿನಗೆ ಕಲಿಸಿದ ಪಾಠ ಒಂದೇ: “ಜೀವ ಹೋದ್ರೂ ಹಿಡತ ಬಿಡಬ್ಯಾಡ.” ನೀನು ಬಿಡಲಿಲ್ಲ. ಮೈ ಒಂದು ಕಡೆ ಹೋಯಿತು, ಕೈ ಒಂದು ಕಡೆ ಉಳಿಯಿತು, ಹೆಗಲಿನ ಕೀಲು ಜಾರಿತು.

ನಿನ್ನನ್ನು ಹೊರಸಿನ ಮೇಲೆ ಹೊತ್ತು, ಐವಾನ್-ಎ-ಶಾಹಿ ಬಂಗಲೆಯ ಮುಂದಿನ ದಾರಿಯಲ್ಲಿ ಓಡುತ್ತ ನಮ್ಮ ಅಂಗಳಕ್ಕೆ ತಂದರು. ತಾಲೀಮಿನವರು ತಾವೇ ಕೀಲು ಕೂಡಿಸಲು ನಿಂತರು. ಇಬ್ಬರು ಎದೆ ಅದುಮಿದರು, ಮೂವರು ಕೈ ಎಳೆದರು. ಅವರು ಎಳೆದಷ್ಟೂ ನಿನ್ನ ಹೆಗಲು, ಎದೆ, ಬೆನ್ನಿನ ಖಂಡಗಳೆಲ್ಲ ಕಲ್ಲಾದವು. “ಬಿಗಿ ಹಿಡಿ ದೌಲ್ಯಾ, ಬಿಗಿ ಹಿಡಿ,” ಅಂತ ಅಪ್ಪ ತಲೆದಿಸೆಯಲ್ಲಿ ಕೂತು ಕೂಗುತ್ತಿದ್ದ. ಅವನಿಗೆ ಬೇರೆ ಏನು ಹೇಳಲು ಬರುತ್ತದೆ, ಪಾಪ. ನೀನು ಇನ್ನೂ ಬಿಗಿ ಹಿಡಿದೆ. ಹಾಲು, ತುಪ್ಪ, ಬಾದಾಮಿ ಹಾಕಿ ಬೆಳೆಸಿದ ಖಂಡಗಳೇ ಆ ದಿನ ನಿನಗೆ ವೈರಿಯಾಗಿ ನಿಂತಿದ್ದವು.

ಡಾಕ್ಟರ್ ಸಾಹೇಬರು ಬಂದವರೇ ನಿನ್ನ ಹೆಗಲು ಮುಟ್ಟಿ ನೋಡಿದರು. ಆಮೇಲೆ, “ಪಹಲವಾನರೆಲ್ಲಾ ಹೊರಗ ಹೋಗ್ರಿ. ಇಲ್ಲಿ ತಾಕತ್ತಿನ ಕೆಲಸ ಇಲ್ಲ,” ಅಂದರು. ಅಪ್ಪನನ್ನೂ ಕಳಿಸಿದರು. ನಿನ್ನನ್ನು ಹೊರಸಿನ ಮೇಲೆ ಬೋರಲು ಮಲಗಿಸಿ, ಆ ಕೈಯನ್ನು ಅಂಚಿನಿಂದ ಕೆಳಗೆ ಇಳಿಬಿಟ್ಟು, ಮಣಿಕಟ್ಟಿಗೆ ಅರಿವೆ ಸುತ್ತಿ, ನನ್ನ ತಾಮ್ರದ ಕೊಡವನ್ನು ಕಟ್ಟಿದರು. ಕೊಡ ಖಾಲಿ. ನನ್ನ ಕಡೆ ತಿರುಗಿ, “ಶಂಕ್ರಮ್ಮಬಾಯಿ, ಒಂದೊಂದ ತಂಬಿಗಿ ನೀರು ಹಾಕ್ರಿ. ಅವಸರ ಬ್ಯಾಡ. ತಮ್ಮನ ಜೋಡಿ ಮಾತಾಡ್ಕೋತ ಹಾಕ್ರಿ,” ಅಂದರು.

ಮೊದಲ ತಂಬಿಗೆಯಲ್ಲಿ ಅರ್ಧ ನೆಲಕ್ಕೆ ಬಿತ್ತು. ನಿನ್ನ ಬೆರಳ ತುದಿಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು. ಸಾಹೇಬರು ನೆಲದ ಮೇಲೆ ಕೂತು ನಿನ್ನ ಉಗುರನ್ನು ಒತ್ತಿ ಒತ್ತಿ ನೋಡುತ್ತಿದ್ದರು. ಅವರ ಮುಖ ನನಗೆ ಸರಿ ಕಾಣಲಿಲ್ಲ. ಇವನ ಕೈ ಹೋಗುತ್ತದೆಯೇನು ಅಂತ ಕೇಳುವ ಧೈರ್ಯವೂ ಇರಲಿಲ್ಲ. ಏನು ಮಾತಾಡಬೇಕೋ ತಿಳಿಯದೆ, ಮಠದ ಅಯ್ಯನವರ ಹತ್ತಿರ ಇಬ್ಬರೂ ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದ ಕಥೆ ತೆಗೆದೆ. ನೀನು ಳ ಬರೆಯಲು ಹೋಗಿ ಜಿಲೇಬಿ ಬರೆದದ್ದು, ಅಯ್ಯನವರು, “ಇದನ್ನ ಓದೂದಲ್ಲೋ, ತಿನ್ನೂದು,” ಅಂದದ್ದು. ಒಂದು ತಂಬಿಗೆ, ಒಂದು ಮಾತು. ಒಂದು ತಂಬಿಗೆ, ಒಂದು ಮಾತು. ಹೊರಗೆ ತಾಲೀಮಿನವರ ಗದ್ದಲ, ಒಳಗೆ ನೀರು ಬೀಳುವ ಸದ್ದು.

ಮೊದಲು ನಿನ್ನ ದವಡೆ ಸಡಿಲಾಯಿತು, ಆಮೇಲೆ ಕುತ್ತಿಗೆ. ಜಿಲೇಬಿಯ ಮಾತಿಗೆ ನೀನು ಒಂದು ಸಲ ಮೂಗಿನಿಂದ ನಕ್ಕೆ, ನೆನಪಿದೆಯೋ ಇಲ್ಲವೋ. ನಗುವಾಗ ಬೆನ್ನು ಸಡಿಲಾಯಿತು. ಕೊಡ ಮುಕ್ಕಾಲು ತುಂಬಿರಬೇಕು, ಒಳಗೆ ಟಕ್ ಅಂತ ಸದ್ದಾಯಿತು. ಯಾರೂ ಎಳೆಯಲಿಲ್ಲ, ಯಾರೂ ನೂಕಲಿಲ್ಲ. ಐದು ಮಂದಿಗೆ ಬಗ್ಗದ ಕೀಲು ತನ್ನ ಮನೆಗೆ ತಾನೇ ಹೋಯಿತು. ಬೆರಳಿಗೆ ಕೆಂಪು ಬಂತು. ನಾನು ತಂಬಿಗೆ ಹಿಡಿದುಕೊಂಡೇ ನಿನ್ನ ಪಕ್ಕ ಕೂತೆ.

ಇದು ಹೇಗಾಯಿತು ಅಂತ ನನಗೆ ಬಹಳ ದಿನ ಬಗೆಹರಿಯಲಿಲ್ಲ. ಒಂದು ದಿನ ಸಾಹೇಬರು ನಿನ್ನನ್ನು ನೋಡಲು ಬಂದಾಗ ನಾನು ಮಜ್ಜಿಗೆ ಕಡೆಯುತ್ತಿದ್ದೆ. ನೀನು ಒಳಗೆ ನಿದ್ದೆಯಲ್ಲಿದ್ದೆ. ಕೇಳಿಯೇಬಿಟ್ಟೆ. ಅವರು ಕಡಗೋಲಿನ ಕಡೆ ಬೆರಳು ಮಾಡಿ, “ಇದರೊಳಗ ಎಲ್ಲಾ ಅದ ನೋಡ್ರಿ ಬಾಯಿ,” ಅಂದರು. “ಕೈಯೊಳಗಿನ ಖಂಡಕ್ಕ ಎಳಿಯೂದು ಒಂದೇ ಗೊತ್ತದ. ನೂಕೂದು ಗೊತ್ತಿಲ್ಲ. ಅದಕ್ಕ ದೇವರು ಎರಡೆರಡು ಇಟ್ಟಾನ. ಒಂದು ಎಳದಾಗ ಇನ್ನೊಂದು ಬಿಡಬೇಕು. ಎರಡೂ ತುದಿ ಒಮ್ಮೆಲೇ ಎಳದ್ರ ಕಡಗೋಲು ತಿರಗತದೇನು?”

ಹೌದಲ್ಲ, ದಿನಾ ಬೆಳಿಗ್ಗೆ ಎರಡು ಕೈಯಿಂದ ನಾನು ಮಾಡುವುದು ಅದೇ. ಬಲಗೈ ಎಳೆದಾಗ ಎಡಗೈ ಹಗ್ಗ ಬಿಡುತ್ತದೆ, ಎಡಗೈ ಎಳೆದಾಗ ಬಲಗೈ ಬಿಡುತ್ತದೆ. ಬಿಡುವುದೂ ಕೆಲಸವೇ. ನೀನೂ ನೋಡು, ಈಗಲೇ. ಎಡಗೈಯಿಂದ ಬಲ ರಟ್ಟೆಯನ್ನು ಹಿಡಿದುಕೊಂಡು ಮೊಣಕೈ ಮಡಚು. ಮುಂದಿನ ಖಂಡ ಗಿಡ್ಡವಾಗಿ ಗಟ್ಟಿಯಾಗುತ್ತದೆ, ಹಿಂದಿನದು ಮೆತ್ತಗಾಗುತ್ತದೆ. ಕೈ ಚಾಚು, ತಿರುವುಮುರುವು. ಬೆರಳು ಮಡಚುವ ದೊಡ್ಡ ಖಂಡ ಬೆರಳಲ್ಲಿ ಇಲ್ಲವೇ ಇಲ್ಲ, ಮೊಣಕೈಯ ಕೆಳಗಿದೆ. ಅಲ್ಲಿಂದ ಬಿಳಿ ಹುರಿಗಳು ಮಣಿಕಟ್ಟು ದಾಟಿ ಬೆರಳಿನ ಎಲುಬಿಗೆ ಹೋಗಿ ಕಟ್ಟಿಕೊಂಡಿವೆ. ಬಳೆ ಇಡುವ ಮಸ್ತಾನಬಿ, “ಕೈ ಸಡಲ ಬಿಡವ್ವಾ,” ಅಂತ ಯಾಕೆ ಬಡಿದುಕೊಳ್ಳುತ್ತಾಳೆ ಅಂತ ನನಗೆ ಅವತ್ತು ತಿಳಿಯಿತು. ಬಿಗಿಹಿಡಿದ ಕೈಗೆ ಹೋಗುವುದು ಒಡೆದ ಬಳೆ ಮಾತ್ರ.

ಸಾಹೇಬರು ಇನ್ನೊಂದು ಮಾತು ಹೇಳಿದರು. ಮೈಯಲ್ಲಿ ಎರಡು ಜಾತಿಯ ಖಂಡ ಇವೆಯಂತೆ. ಎದೆಗುಂಡಿಗೆ, ಕರುಳು, ಇವು ನಮ್ಮನ್ನು ಕೇಳುವುದಿಲ್ಲ. ನಾವು ಮಲಗಿದರೂ ತಮ್ಮ ಪಾಡಿಗೆ ದುಡಿಯುತ್ತವೆ. ಕೈ, ಕಾಲು, ನಾಲಿಗೆ, ಕುತ್ತಿಗೆಯವು ಹುಕುಮಿನ ಖಂಡಗಳು. ತಲೆಯಿಂದ ಹುಕುಮು ಹೊರಟು, ನರದ ದಾರಿಯಲ್ಲಿ ಬಂದು ಮುಟ್ಟಿದರೆ ಮಾತ್ರ ಏಳುತ್ತವೆ. ಸ್ಟೇಷನ್ನಿನಲ್ಲಿ ಸುದ್ದಿ ಒಯ್ಯುವ ತಂತಿ, ತಾರು ಇದ್ದ ಹಾಗೆ. ನಿನ್ನ ಕೀಲು ಜಾರಿದಾಗ ಹೆಗಲನ್ನು ಸುತ್ತಿ ಹೋಗುವ ಒಂದು ನರ ಜಜ್ಜಿತ್ತು. ಅದಕ್ಕೇ ಬೆರಳು ಆಡುತ್ತವೆ, ಮೊಣಕೈ ಮಡಚುತ್ತದೆ, ಹೆಗಲಿನಿಂದ ಮಾತ್ರ ಕೈ ಮೇಲೇಳುವುದಿಲ್ಲ. ತಾರು ಹರಿದಿದೆಯೋ ಬರೀ ಜಜ್ಜಿದೆಯೋ ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ತಿಂಗಳೆರಡು ತಿಂಗಳು ಕಾಯಬೇಕು, ಅಲ್ಲಿಯವರೆಗೆ ಇನ್ನೊಬ್ಬರು ಹಿಡಿದು ಆಡಿಸುತ್ತಿರಬೇಕು, ದಿನಾ ಒಂದು ಸಲ ನೀನೂ ಹುಕುಮು ಕೊಟ್ಟು ನೋಡಬೇಕು ಅಂದರು. ಇದನ್ನೆಲ್ಲ ಅಪ್ಪನಿಗೆ ಬಿಡಿಸಿ ಹೇಳಿಯೇ ನಿನ್ನನ್ನು ಕಮಲಾಪುರಕ್ಕೆ ಕಳಿಸಿದ್ದು.

ಅಲ್ಲಿ ಏನಾಯಿತು? ಅಪ್ಪ ಕೈಗೆ ಎಣ್ಣೆ ಬಳಿದು ಪಕ್ಕೆಗೆ ಬಿಗಿದು ಕಟ್ಟಿದ. ಪಹಲವಾನನ ಖಂಡ ಸೊರಗಿದರೆ ಖುರಾಕು ಹೆಚ್ಚಿಸಬೇಕು, ಅದೊಂದೇ ಅವನಿಗೆ ಗೊತ್ತಿರುವ ವೈದ್ಯ. ಹೊತ್ತೊತ್ತಿಗೆ ಎಮ್ಮೆ ಹಾಲು, ತುಪ್ಪ, ಅರೆದ ಬಾದಾಮಿ. ಅನ್ನ ಹೋಗುವುದು ದುಡಿಯುವ ಖಂಡಕ್ಕೆ, ದೌಲ್ಯಾ. ದುಡಿಯದ ಖಂಡದ ಪಾಲು ಹೊಟ್ಟೆಗೆ. ಎಳ್ಳಮಾಸಿ ಹಬ್ಬಕ್ಕೆ ಬಂದಾಗ ನೋಡಿದೆನಲ್ಲ, ಹೊಟ್ಟೆ ಮುಂದೆ ಬಂದಿದೆ, ಹೆಗಲಿನ ಉಬ್ಬು ಕರಗಿ ಎಲುಬಿನ ಮೂಲೆ ಕಾಣುತ್ತಿದೆ. ನೋಡಿ ನಗಾಡಿದೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತೆ.

ಆದರೆ ಅಪ್ಪನ ಮೇಲೆ ಎಲ್ಲ ಹೊರಿಸುವುದಿಲ್ಲ. ನೀನು ಒಂದು ದಿನ ತಾಲೀಮಿನವರ ಮುಂದೆ ಕಟ್ಟು ಬಿಚ್ಚಿ ಕೈ ಎತ್ತಲು ಹೋದೆಯಂತೆ. ಏಳಲಿಲ್ಲ. ಅವರೆಲ್ಲ ಬೇರೆ ಕಡೆ ನೋಡಿದರಂತೆ. ಅವತ್ತಿನಿಂದ ನೀನು ಒಮ್ಮೆಯೂ ಎತ್ತಿ ನೋಡಿಲ್ಲ. ನನಗೆ ನಿನ್ನ ಹೊಟ್ಟೆಯೊಳಗಿನದು ಗೊತ್ತು. ಎತ್ತಿ ಸೋಲುವುದಕ್ಕಿಂತ ಎತ್ತದೇ ಇರುವುದು ಮೇಲು ಅಂದುಕೊಂಡಿದ್ದೀ. ಸತ್ತ ಕೈ ಅಂದರೆ ಜನ ಮರುಗುತ್ತಾರೆ, ಸೋತ ಕೈ ಅಂದರೆ ನಿನಗೆ ತಡೆಯಲಾಗುವುದಿಲ್ಲ. ಬರೆಗೆ ಹೂಂ ಅಂದದ್ದೂ ಅದಕ್ಕೇ. ಸುಟ್ಟ ಮೇಲೆ ಯಾರೂ ಎತ್ತು ಅನ್ನುವುದಿಲ್ಲ ಅಲ್ಲವೇ? ಇದನ್ನು ಬರೆಯುವಾಗ ನನಗೆ ನಿನ್ನ ಮೇಲೆ ಸಿಟ್ಟು ಬರುತ್ತಿದೆ. ಬಂದರೆ ಬರಲಿ.

ಈಗ ಯಾರಿಗೂ ಹೇಳದ ಮಾತು. ಎಳ್ಳಮಾಸಿಯ ದಿನ ಹೊಲದಲ್ಲಿ ಎಲ್ಲರೂ ಬಜ್ಜಿ, ರೊಟ್ಟಿ ಹಾಕಿಕೊಂಡು ಬನ್ನಿ ಗಿಡದ ಕೆಳಗೆ ಕೂತಿದ್ದೆವು. ನೀನು ದೂರ, ಬಾವಿ ಕಡೆ ಹೋಗಿ ಒಬ್ಬನೇ ನಿಂತಿದ್ದೆ. ಎಣ್ಣೆ ಬಳಿಯಲು ಪಕ್ಕೆಯ ಕಟ್ಟು ಬಿಚ್ಚಿತ್ತು, ಬಲಗೈ ಕೊರಳಿನ ಜೋಳಿಗೆಯಲ್ಲಿತ್ತು, ಹೆಗಲು ಬರಿದಾಗಿತ್ತು, ಎಣ್ಣೆ ಹೊಳೆಯುತ್ತಿತ್ತು. ನನ್ನ ಕೂಸು ಕಸ್ತೂರಿ, “ಮಾಮಾ” ಅನ್ನುತ್ತ ನಿನ್ನ ಕಡೆ ಹೊರಟದ್ದನ್ನು ನಾನು ನೋಡಲಿಲ್ಲ. ನೋಡಿದಾಗ ಅದು ಬಾವಿಯ ಅಂಚಿನಲ್ಲಿ ಕಾಲು ಜಾರುತ್ತಿತ್ತು. ನಾನು ಕೂಗಿದೆನೋ ಇಲ್ಲವೋ, ಓಡಿದ್ದು ಮಾತ್ರ ಗೊತ್ತು. ನೀನು ಎಡಗೈ ಚಾಚಿ ಅದರ ಲಂಗ ಹಿಡಿದು ಎಳೆದುಕೊಂಡೆ. ಎಲ್ಲರೂ ಕೂಸನ್ನು ನೋಡಿದರು, ನೀನೂ ಕೂಸನ್ನೇ ನೋಡಿದೆ. ನಾನು ನಿನ್ನ ಬೆನ್ನ ಹಿಂದಿನಿಂದ ಬರುತ್ತಿದ್ದೆ. ನನ್ನ ಕಣ್ಣೆದುರಿಗೆ ಇದ್ದದ್ದು ನಿನ್ನ ಬಲ ಹೆಗಲು.

ಅದು ಎದ್ದಿತು, ದೌಲಪ್ಪಾ. ಎಡಗೈ ಹೋದಾಗಲೇ ಬಲ ಹೆಗಲಿನ ಖಂಡ ಮುಷ್ಟಿಯಂತೆ ಗಂಟುಕಟ್ಟಿತು. ಮೊಣಕೈ ಜೋಳಿಗೆಯೊಳಗೇ ಪಕ್ಕೆ ಬಿಟ್ಟು ಗೇಣು ಆಚೆ ಬಂತು. ಮರುಗಳಿಗೆ ಮತ್ತೆ ಬಿದ್ದುಹೋಯಿತು. ನಿನಗೆ ಗೊತ್ತೇ ಆಗಲಿಲ್ಲ. ಆಗ ನಾಚಿಕೆಪಡಲು ನಿನಗೆ ಪುರಸೊತ್ತು ಇರಲಿಲ್ಲ, ಕೂಸನ್ನು ಹಿಡಿ ಅನ್ನುವ ಹುಕುಮು ಎರಡೂ ಕೈಗೆ ಹೋಗಿಬಿಟ್ಟಿತ್ತು.

ಆವತ್ತೇ ಹೇಳಬೇಕಿತ್ತು ಅಂತೀಯಾ? ಹೇಳಿದ್ದರೆ ಅಪ್ಪ ಅಲ್ಲೇ ಎಲ್ಲರನ್ನೂ ಸೇರಿಸಿ, “ಎತ್ತಲೇ, ಎತ್ತು,” ಅನ್ನುತ್ತಿದ್ದ. ನೀನು ಇನ್ನೊಂದು ಸಲ ಮಂದಿಯ ಮುಂದೆ ಸೋಲುತ್ತಿದ್ದೆ. ಊರಿಗೆ ಬಂದು ಸಾಹೇಬರಿಗೆ ಹೇಳಿದೆ. ಅವರು, “ಖಂಡ ಗಟ್ಟಿಯಾಗಿದ್ದು ನೀವು ಖರೇನ ಕಂಡಿದ್ರ ನರ ಬದುಕೇದ. ಕಟ್ಟು ಬಿಚ್ಚಿ ಕೆಲಸ ಹಚ್ಚಬೇಕು. ಆದ್ರ ನೀವು ತಾಯಿ. ಅಂಥಾ ವ್ಯಾಳ್ಯಾದಾಗ ಕಣ್ಣು ಏನರ ಕಾಣ್ತದ,” ಅಂದರು. ಅಂದಿನಿಂದ ನನಗೂ ಅನುಮಾನ. ಕಂಡದ್ದು ಹೆಗಲೋ, ಎಣ್ಣೆಯ ಮೇಲಿನ ಬಿಸಿಲೋ? ಕಣ್ಣು ಮುಚ್ಚಿದರೆ ಒಮ್ಮೆ ಎದ್ದ ಹಾಗೆ ಕಾಣುತ್ತದೆ, ಒಮ್ಮೆ ಇಲ್ಲ. ಆದಿತ್ಯವಾರದ ಒಳಗೆ ಇದು ಗೊತ್ತಾಗಲೇಬೇಕು.

ಆದ್ದರಿಂದ ಇನಾಯತ್‌ನನ್ನು ಹಿಡಿದೆ. ಬಾಳೆಗೊನೆಗೆ ಅಂತ ಅವನು ಕಮಲಾಪುರಕ್ಕೆ ಬಂದಾಗಲೆಲ್ಲ ನಿಮ್ಮ ಓಣಿಯಲ್ಲಿ ಗಾಡಿ ನಿಲ್ಲಿಸುತ್ತಾನೆ, ನೀನು ಮುಖ ತಿರುಗಿಸುತ್ತೀ. ಅವನು ಅಖಾಡಾಕ್ಕೆ ಇಳಿಯುವುದನ್ನೇ ಬಿಟ್ಟಿದ್ದಾನೆ, ಗೊತ್ತಿದೆಯೇ? “ಅಕ್ಕಾ, ಅಂವಾ ಒಂದ್ಸಲ ಬೈದ್ರ ಸಾಕು, ನನಗ ನಿದ್ದಿ ಬರ್ತದ,” ಅಂದ. ಬೈಸಿಕೊಳ್ಳುವ ಕೆಲಸವನ್ನೇ ಕೊಟ್ಟಿದ್ದೇನೆ ಅಂದೆ. ನಾಳೆ ನಸುಕಿನಲ್ಲಿ ಗಾಡಿ ಹೂಡಿ, ರಾತ್ರಿ ಮಹಾಗಾಂವದಲ್ಲಿ ಎತ್ತು ಬಿಚ್ಚಿ, ಶನಿವಾರ ಊಟದ ಹೊತ್ತಿಗೆ ನಿಮ್ಮ ಬಾಗಿಲಿಗೆ ಬರುತ್ತಾನೆ.

ಅವನಿಗೆ ಹೇಳಿಕೊಟ್ಟದ್ದು ಇಷ್ಟು. ನಾನು ಇವತ್ತು ಶರಣಬಸವೇಶ್ವರರ ಗುಡಿಗೆ ಹೋಗಿ ವಿಭೂತಿ ತಂದು ಈ ಕಾಗದದ ಮಡಿಕೆಯಲ್ಲಿ ಇಟ್ಟಿದ್ದೇನೆ. ಅವನು ಹೇಳಬೇಕು, “ಒಳಗ ಶರಣರ ವಿಭೂತಿ ಅದ,” ಅಂತ. ಹೇಳಿ, ಪಕ್ಕೆಯ ಕಟ್ಟು ಬಿಚ್ಚಿ, ನಿನ್ನ ಬಲಗಡೆಗೆ ನಿಂತು, ನಿನ್ನ ಹೆಗಲಿನ ಮಟ್ಟಕ್ಕೆ ಕಾಗದ ಹಿಡಿಯಬೇಕು. ಈಗ ಊಟ, ನೀರು, ಎಲ್ಲವನ್ನೂ ನೀನು ಎಡಗೈಯಲ್ಲಿ ಮಾಡುತ್ತೀ, ಮಂದಿ ಪಾಪ ಅಂತ ಬಿಟ್ಟಿದ್ದಾರೆ. ಆದರೆ ಪ್ರಸಾದಕ್ಕೆ ಎಡಗೈ ಚಾಚುವ ಮಗನನ್ನು ನಮ್ಮವ್ವ ಹಡೆದಿಲ್ಲ. ನೀನು ಎಡಗೈ ತಂದರೆ ಅವನು ಕಾಗದ ಹಿಂದಕ್ಕೆ ಎಳೆದುಕೊಳ್ಳಬೇಕು. ಬೈದರೆ ಬೈಸಿಕೊಳ್ಳಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು, ಬಿಸಿಲು ಇಳಿಯುವವರೆಗೆ ಹಿಡಿದೇ ನಿಲ್ಲಬೇಕು. ಮುಖ್ಯವಾದ ಮಾತು, ಅಪ್ಪ ಅಂಗಡಿ ಕಡೆ ಹೋದ ಮೇಲೆ ಬರಬೇಕು. ನೀನು ಎತ್ತುವಾಗ ನೋಡಲು ಯಾರೂ ಇರಬಾರದು. ಇನಾಯತ್‌ಗೂ ಹೇಳಿದ್ದೇನೆ, ನೆಲ ನೋಡು ಅಂತ.

“ಹುಚ್ಚಿ, ಅವನು ತೊಗೊಳಲಿಲ್ಲ ಅಂದ್ರ?” ಅಂತ ನಮ್ಮ ಮನೆಯವರು ಕೇಳಿದರು. ತೊಗೊಳದಿದ್ದರೆ ಎಡಗೈಗೆ ಕೊಡಬೇಡ, ನೆಲಕ್ಕೆ ಇಡಬೇಡ, ಅಪ್ಪನ ಕಾಲು ಹಿಡಿದು ಬರೆ ಬೇಡ ಅಂತ ಬೇಡಿಕೊಂಡು, ಕಾಗದವನ್ನು ಹಾಗೇ ವಾಪಸ್ ತಾ ಅಂತ ಇನಾಯತ್‌ಗೆ ಹೇಳಿದ್ದೇನೆ. ತನ್ನ ಮಗನನ್ನು ಕೆಡವಿದವನ ಮಾತನ್ನು ಅಪ್ಪ ಕೇಳುತ್ತಾನೆಯೇ? ಕೇಳುವುದಿಲ್ಲ. ವಾಪಸ್ ಬರುವ ಹೊತ್ತಿಗೆ ಆದಿತ್ಯವಾರದ ಬೆಂಕಿ ಆರಿರುತ್ತದೆ. ಆಗ ಈ ಕಾಗದವನ್ನು ನಾನೇ ಒಲೆಗೆ ಹಾಕುತ್ತೇನೆ. ಇದರ ಒಂದು ಅಕ್ಷರವೂ ನಿನಗೆ ಗೊತ್ತಾಗುವುದಿಲ್ಲ.

ಆದರೆ ನೀನು ಈ ಸಾಲು ಓದುತ್ತಿದ್ದೀ.

ಹಾಗಾದರೆ ನಾನು ಕಂಡದ್ದು ಬಿಸಿಲಲ್ಲ. ಕೈ ಎಷ್ಟು ನಡುಗಿತೋ, ಎಷ್ಟು ಸಲ ಅರ್ಧಕ್ಕೆ ಬಿತ್ತೋ, ಮೈಯೆಲ್ಲ ಎಷ್ಟು ಬೆವರಿತೋ, ನೋಡಲು ನಾನು ಅಲ್ಲಿರಲಿಲ್ಲ. ಇರಬಾರದು ಅಂತಲೇ ಇರಲಿಲ್ಲ. ಬಾಗಿಲಲ್ಲಿ ನಿಂತವನಿಗೆ ಒಳಗೆ ಬಾ ಅನ್ನು, ಒಂದು ತಂಬಿಗೆ ಮಜ್ಜಿಗೆ ಕೊಡು. ಅವನ ಕೈಯೂ ಸೋತಿರುತ್ತದೆ.

ನೀನು ಇದನ್ನು ಓದಿದ ಮರುದಿನ, ಆದಿತ್ಯವಾರ, ಯಾರ ಜೋಡಿಯೂ ವಾದ ಮಾಡಬೇಡ. ಅಪ್ಪ ಮಾತಿಗೆ ಬಗ್ಗುವವನಲ್ಲ. ನೀನು ಕಮಲಾಪುರಕ್ಕೆ ಹೋದಾಗಿನಿಂದ ಪ್ರತಿ ಬೆಳಿಗ್ಗೆ ನಿನ್ನ ಹಣೆಗೆ ವಿಭೂತಿ ಹಚ್ಚುವವನು ಅವನೇ, ಹಚ್ಚಿ ಆಚೆ ತಿರುಗಿ ತಲೆಯ ಪಟಗದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾನೆ. ನಾನು ನೋಡಿದ್ದೇನೆ. ಅವತ್ತು ಅವನು ವಿಭೂತಿಯ ಬಟ್ಟಲು ಹಿಡಿದು ಬಂದಾಗ ತಲೆ ಬಗ್ಗಿಸಬೇಡ. ಸಲಾಕಿ ಕಾಯುತ್ತಿದ್ದರೆ ಕಾಯಲಿ, ಮುತ್ಯಾ ಕೂತಿದ್ದರೆ ಕೂತಿರಲಿ. ಈ ಮಡಿಕೆಯಲ್ಲಿರುವ ವಿಭೂತಿಯನ್ನು ಬಲಗೈಯ ಮೂರು ಬೆರಳಿಗೆ ತೆಗೆದುಕೊಂಡು, ನಿನ್ನ ಹಣೆಗೆ ನೀನೇ ಎಳೆದುಕೋ. ಸೊಟ್ಟಗಾದರೂ ಆಗಲಿ, ಜಿಲೇಬಿಯಾದರೂ ಆಗಲಿ. ಬಿಗಿ ಹಿಡಿಯಬೇಡ, ಉಸಿರು ಬಿಟ್ಟು ಎತ್ತು.

ಶರಣರು ನಿನ್ನ ಎರಡೂ ಕೈಯನ್ನು ಕಾಯಲಿ. ಎಳೆಯುವ ತುದಿಗೆ ಬಲ ಕೊಡಲಿ, ಬಿಡುವ ತುದಿಗೆ ಬುದ್ಧಿ ಕೊಡಲಿ.

ಅವತ್ತು ತಂಬಿಗೆ ಹಿಡಿದು ನಿನ್ನ ಪಕ್ಕ ಕೂತವಳು,
ನಿನ್ನ ಅಕ್ಕ ಶಂಕ್ರಮ್ಮ